ಎರಡು ಬೆರಳಾಳದ ನೀರು, ಹಿತ್ತಲ ತುಂಬ ಹಕ್ಕಿ

ಮನೆಯ ಕೈತೋಟಕ್ಕೆ ಹಕ್ಕಿಗಳು ಬರಬೇಕಾದರೆ ಹೂವಿನ ಗಿಡ ನೆಡಬೇಕು, ಹಣ್ಣಿನ ಮರ ಬೆಳೆಸಬೇಕು, ಇಲ್ಲವೇ ಕಾಳು ಚೆಲ್ಲಬೇಕು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಅದು ತಪ್ಪಲ್ಲವಾದರೂ ಪೂರ್ಣವಲ್ಲ. ದಾಸವಾಳದ ಮಕರಂದ ಹೀರಲು ಬರುವ ಸೂರಕ್ಕಿ ಅಂಗಳದಲ್ಲಿ ಚೆಲ್ಲಿದ ನವಣೆಯತ್ತ ಸುಳಿಯುವುದಿಲ್ಲ, ನವಣೆಗೆ ಇಳಿಯುವ ಗುಬ್ಬಚ್ಚಿ ಮತ್ತು ರಾಟವಾಳಗಳಿಗೆ ಸೀಬೆಹಣ್ಣಿನ ಗೊಡವೆಯಿಲ್ಲ, ಹಾರುವ ಹುಳುಗಳನ್ನು ಗಾಳಿಯಲ್ಲೇ ಹಿಡಿದು ತಿನ್ನುವ ನೊಣಹಿಡುಕಗಳಿಗಂತೂ ಇವುಗಳಲ್ಲಿ ಯಾವುದೂ ಬೇಕಿಲ್ಲ. ಆಹಾರದ ವಿಷಯದಲ್ಲಿ ಹೀಗೆ ದಿಕ್ಕಿಗೊಂದಾಗುವ ಹಕ್ಕಿಗಳು ಒಂದೇ ಕಡೆ ಕೂಡುವುದು ಕುಡಿಯಲು ಮತ್ತು ಮೀಯಲು ಯೋಗ್ಯವಾದ ನೀರಿರುವಲ್ಲಿ. ಆದ್ದರಿಂದ ಸಣ್ಣ ತೋಟವೊಂದರಲ್ಲಿ ಹೆಚ್ಚು ಬಗೆಯ ಹಕ್ಕಿಗಳನ್ನು ಕಾಣಬಯಸುವವರು ಮೊದಲು ಯೋಚಿಸಬೇಕಾದದ್ದು ನೀರಿನ ಬಗ್ಗೆ.

ಇಂದಿನ ಮನೆ ಮತ್ತು ಬಡಾವಣೆಗಳ ಉದ್ಯಾನಗಳಲ್ಲಿ ನೀರಿಗೇನೂ ಕೊರತೆಯಿಲ್ಲ. ಕಾರಂಜಿ, ಟೈಲ್ಸ್ ಹಾಸಿದ ಕೊಳ, ಬಂಡೆಯಂತೆ ಕಾಣುವ ಸಿಮೆಂಟಿನ ಜಲಪಾತ ಎಲ್ಲವೂ ಇವೆ. ಆದರೆ ಇವು ಬಹುಪಾಲು ಮನುಷ್ಯನ ಕಣ್ಣಿನ ಅಳತೆಗೆ ಕಟ್ಟಿದವೇ ಹೊರತು ಹಕ್ಕಿಯ ಕಾಲಿನ ಅಳತೆಗೆ ಕಟ್ಟಿದವಲ್ಲ. ಹಕ್ಕಿಗೆ ಬೇಕಾದ ನೀರು ಪ್ರಮಾಣದಲ್ಲಿ ಅತ್ಯಲ್ಪ. ಅದರ ಆಳ, ಅಂಚು, ಶುಚಿತ್ವ ಮತ್ತು ನಿತ್ಯ ಲಭ್ಯತೆಗಳೇ ಅಲ್ಲಿ ನಿರ್ಣಾಯಕ.

ಹಕ್ಕಿಗೆ ನೀರೇಕೆ?

ಹಕ್ಕಿಗಳ ದೇಹದ ಉಷ್ಣತೆ ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಸೆಲ್ಸಿಯಸ್‌ನಷ್ಟಿದ್ದು, ಮನುಷ್ಯನಿಗಿಂತ ಹೆಚ್ಚು. ಅವುಗಳಿಗೆ ಬೆವರು ಗ್ರಂಥಿಗಳಿಲ್ಲ. ಸುತ್ತಲಿನ ಗಾಳಿ ಮೈಯ ಬಿಸಿಯನ್ನು ಸಮೀಪಿಸಿದಾಗ ಅವು ಕೊಕ್ಕು ತೆರೆದು ವೇಗವಾಗಿ ಉಸಿರಾಡುತ್ತವೆ. ಪಾರಿವಾಳ, ಗೂಬೆ, ನೀರುಕಾಗೆಗಳಂಥ ಕೆಲವು ಹಕ್ಕಿಗಳು ಗಂಟಲಿನ ತೆಳುಚರ್ಮವನ್ನೇ ಬಿಡದೆ ಅದುರಿಸುತ್ತವೆ. ಎರಡೂ ವಿಧಾನಗಳಲ್ಲಿ ಬಾಯಿ ಮತ್ತು ಶ್ವಾಸಮಾರ್ಗದ ತೇವ ಆವಿಯಾಗಿ, ಆ ಆವಿಯೊಂದಿಗೆ ಮೈಯ ಬಿಸಿಯೂ ಹೊರಹೋಗುತ್ತದೆ. ತಂಪಿಗೆ ತೆರುವ ಬೆಲೆ ನೀರೇ ಆದುದರಿಂದ, ಕಳೆದುಕೊಂಡ ನೀರನ್ನು ಬೇಗನೆ ತುಂಬಿಕೊಳ್ಳದಿದ್ದರೆ ಹತ್ತು ಹದಿನೈದು ಗ್ರಾಂ ತೂಕದ ಪುಟ್ಟ ಹಕ್ಕಿ ಬಲುಬೇಗ ಬಳಲುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುವುದು ವಾಡಿಕೆ. ತಂಪಿನ ಊರೆಂದು ಹೆಸರಾದ ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್ 24ರಂದು 39.2 ಡಿಗ್ರಿ ದಾಖಲಾಗಿತ್ತು.

ಎಲ್ಲ ಹಕ್ಕಿಗಳ ಬಾಯಾರಿಕೆಯೂ ಒಂದೇ ಸಮನಲ್ಲ. ಹುಳು, ಹಣ್ಣು, ಮಕರಂದಗಳನ್ನು ತಿನ್ನುವವಕ್ಕೆ ಆಹಾರದಿಂದಲೇ ಸಾಕಷ್ಟು ನೀರು ಸಿಗುತ್ತದೆ. ಒಣಕಾಳು ತಿನ್ನುವ ಗುಬ್ಬಚ್ಚಿ, ರಾಟವಾಳ, ಬೆಳವಗಳಿಗೆ ಆ ಅನುಕೂಲವಿಲ್ಲದ್ದರಿಂದ ಅವು ದಿನವೂ ನೀರನ್ನು ಹುಡುಕಿ ಹೋಗಲೇಬೇಕು. ಕುಡಿಯುವ ಕ್ರಮವೂ ಬೇರೆ ಬೇರೆ. ಬಹುತೇಕ ಹಕ್ಕಿಗಳು ಕೊಕ್ಕಿನಲ್ಲಿ ಒಂದಿಷ್ಟು ನೀರು ಮೊಗೆದು, ತಲೆಯೆತ್ತಿ, ಅದು ತಾನಾಗಿ ಗಂಟಲಿಗೆ ಇಳಿಯುವಂತೆ ಮಾಡಿದರೆ, ಪಾರಿವಾಳ ಮತ್ತು ಬೆಳವಗಳು ಕೊಕ್ಕನ್ನು ನೀರಿನಲ್ಲಿ ಮುಳುಗಿಸಿ ತಲೆಯೆತ್ತದೆ ಒಂದೇ ಸಮನೆ ಹೀರುತ್ತವೆ. ಕುಡಿಯುವುದು ಕೆಲವೇ ಕ್ಷಣಗಳ ಕೆಲಸ. ಹಕ್ಕಿಯನ್ನು ನೀರಿನ ಬಳಿ ಹೆಚ್ಚು ಹೊತ್ತು ಹಿಡಿದಿಡುವುದು ಮೀಯುವ ಕ್ರಿಯೆ.

ಮೀಯುವುದು ಬರೀ ತಂಪಿಗಲ್ಲ. ಗರಿಯ ನಡುದಂಡಿನಿಂದ ಎರಡೂ ಬದಿಗೆ ಎಳೆಗಳು ಹೊರಟು, ಪ್ರತಿ ಎಳೆಯಿಂದ ಇನ್ನೂ ಸೂಕ್ಷ್ಮವಾದ ಕಿರುಎಳೆಗಳು ಕವಲೊಡೆದು, ಅವುಗಳ ಅತಿಸಣ್ಣ ಕೊಕ್ಕೆಗಳು ಪಕ್ಕದ ಎಳೆಗೆ ಸಿಕ್ಕಿಕೊಳ್ಳುವುದರಿಂದಲೇ ಗರಿಗೆ ಬಿಗಿಯಾದ ಹಾಳೆಯ ರೂಪ ಬರುತ್ತದೆ. ದೂಳು, ಜಿಡ್ಡು ಸೇರಿ ಈ ಜೋಡಣೆ ಕೆದರಿದರೆ ಹಾರಾಟವೂ ಕುಂದುತ್ತದೆ, ಮಳೆ ಚಳಿಗಳಿಂದ ರಕ್ಷಣೆಯೂ ತಪ್ಪುತ್ತದೆ. ಒದ್ದೆಯಾದ ಗರಿ ಮೃದುವಾಗಿ ಕೊಕ್ಕಿನ ತಿದ್ದುವಿಕೆಗೆ ಒಗ್ಗುತ್ತದೆ. ಮಿಂದ ಹಕ್ಕಿ ಸಮೀಪದ ಕೊಂಬೆಯಲ್ಲಿ ಕುಳಿತು, ಬಾಲದ ಬುಡದಲ್ಲಿರುವ ಎಣ್ಣೆ ಗ್ರಂಥಿಗೆ ಕೊಕ್ಕು ತಾಗಿಸಿ, ಆ ಜಿಡ್ಡನ್ನು ಗರಿಗಳಿಗೆ ಸವರುತ್ತ ಒಂದೊಂದನ್ನೇ ನೇರ್ಪಡಿಸುತ್ತದೆ.

ಗಣೇಶಗುಡಿಯ ಪಾಠ

ನೀರಿನ ಸಣ್ಣ ಪಾತ್ರೆಯೊಂದು ಎಷ್ಟು ಬಗೆಯ ಹಕ್ಕಿಗಳನ್ನು ಸೆಳೆಯಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲಿಯೇ ಪ್ರಸಿದ್ಧ ನಿದರ್ಶನವಿದೆ. ಉತ್ತರ ಕನ್ನಡ ಜಿಲ್ಲೆಯ ಗಣೇಶಗುಡಿಯಲ್ಲಿ, ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟೆಗೆ ಸಮೀಪದ ಕಾಡಿನಲ್ಲಿ, ಓಲ್ಡ್ ಮ್ಯಾಗಜಿನ್ ಹೌಸ್ ಎಂಬ ತಂಗುದಾಣವಿದೆ. ಅಣೆಕಟ್ಟೆ ಕಟ್ಟುವ ಕಾಲದಲ್ಲಿ ಸಿಡಿಮದ್ದಿನ ಉಗ್ರಾಣವಾಗಿದ್ದುದರಿಂದ ಅದಕ್ಕೆ ಆ ಹೆಸರು. ರಾಜ್ಯ ಸರ್ಕಾರದ ಉದ್ಯಮವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ನಡೆಸುವ ಈ ತಾಣದ ಅಂಗಳದಲ್ಲಿ ಹಕ್ಕಿಗಳಿಗೆಂದು ಇಟ್ಟಿರುವ ಆಳವಿಲ್ಲದ ನೀರಿನ ತಟ್ಟೆಗಳಿಗೆ ಪಶ್ಚಿಮ ಘಟ್ಟದ ನಾಚಿಕೆಯ ಹಕ್ಕಿಗಳೂ ಬಂದು ಮೀಯುತ್ತವೆ. ಕೆಂಗೊರಳಿನ ಹಳದಿ ಪಿಕಳಾರ, ಹಸಿರು ರೆಕ್ಕೆಯ ಪಚ್ಚೆ ಪಾರಿವಾಳ, ಕಿತ್ತಳೆ ತಲೆಯ ನೆಲಗುಟುಕ, ಶಾಮಾ, ಉದ್ದ ಬಾಲದ ರಾಜಹಕ್ಕಿ, ಚಳಿಗಾಲದಲ್ಲಿ ವಲಸೆ ಬರುವ ನವರಂಗ ಇವುಗಳನ್ನು ಜಗಲಿಯಿಂದಲೇ ನೋಡಲು ಮತ್ತು ಚಿತ್ರ ತೆಗೆಯಲು ದೂರದೂರದ ಆಸಕ್ತರು ಅಲ್ಲಿಗೆ ಹೋಗುತ್ತಾರೆ.

ಮಳೆ ಹೇರಳವಾಗಿ ಸುರಿಯುವ ಕಾಡಿನಲ್ಲಿ, ಹತ್ತಿರದಲ್ಲಿಯೇ ತುಂಬುನದಿ ಇರುವಾಗ, ಹಕ್ಕಿಗಳು ಅಂಗಳದ ತಟ್ಟೆಯನ್ನು ಅರಸಿ ಬರುವುದು ಮೇಲುನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ನದಿಯ ಆಳವೂ ಸೆಳವೂ ಸಣ್ಣ ಹಕ್ಕಿಗೆ ಅಪಾಯಕರ, ಮತ್ತು ಅದರ ದಡದಲ್ಲಿ ಇಳಿಯಲು ತಕ್ಕ ಅಂಚು ಎಲ್ಲೆಡೆ ಸಿಗುವುದಿಲ್ಲ. ಮಳೆಗಾಲ ಮುಗಿದ ಮೇಲೆ ಕಾಡಿನ ಸಣ್ಣ ಹಳ್ಳಗಳು ಬತ್ತುತ್ತ ಬಂದು, ಬೇಸಿಗೆಯ ಹೊತ್ತಿಗೆ ಅಲ್ಲಲ್ಲಿ ಬಂಡೆಗುಳಿಗಳಲ್ಲಿ ಉಳಿಯುವ ಬೆರಳಾಳದ ನೀರೇ ಅವುಗಳ ನಿಜವಾದ ಸ್ನಾನದ ತಾಣ. ಗಣೇಶಗುಡಿಯ ತಟ್ಟೆಗಳು ಅಂಥ ಬಂಡೆಗುಳಿಯ ಕೆಲಸವನ್ನು ಮಾಡುತ್ತವೆ. ಅವುಗಳ ಸುತ್ತ ಮರೆಯಾಗಿ ಕೂರಲು ಗಿಡಮರಗಳಿವೆ, ನೀರು ತಪ್ಪದೆ ಇರುತ್ತದೆ, ನೋಡಲು ಬಂದವರು ದೂರದಲ್ಲಿ ಸದ್ದಿಲ್ಲದೆ ಕೂರುತ್ತಾರೆ. ಈ ಮೂರು ಅನುಕೂಲಗಳನ್ನು ಊರಿನ ಹಿತ್ತಲಿನಲ್ಲಿಯೂ ಒದಗಿಸಬಹುದು, ಬರುವ ಹಕ್ಕಿಗಳ ಪಟ್ಟಿ ಮಾತ್ರ ಆಯಾ ಊರಿಗೆ ತಕ್ಕಂತೆ ಬೇರೆಯಾಗುತ್ತದೆ.

ಹಳೆಯ ಮನೆಗಳ ಹಿತ್ತಲುಗಳಲ್ಲಿ ಇವು ಯಾರೂ ಉದ್ದೇಶಪಟ್ಟು ಮಾಡದೆಯೇ ಒದಗುತ್ತಿದ್ದವು. ಬಾವಿಕಟ್ಟೆಯ ಬಳಿ ಚೆಲ್ಲಿ ನಿಂತ ನೀರು, ದನಗಳಿಗೆ ತುಂಬಿಟ್ಟ ಕಲ್ಲುಬಾನಿ, ಬಚ್ಚಲಿನಿಂದ ಬಾಳೆ ಮತ್ತು ಕೆಸುವಿನ ಪಾತಿಗೆ ಹರಿದುಹೋಗುವ ಕಾಲುವೆ ಇವೆಲ್ಲ ಹಕ್ಕಿಗಳ ಪಾಲಿನ ನೀರಾಗಿದ್ದವು. ಕೊಳಾಯಿ, ಒಳಚರಂಡಿ ಮತ್ತು ಕಾಂಕ್ರೀಟಿನ ಅಂಗಳಗಳು ಬಂದ ಮೇಲೆ ಮನೆಯ ನೀರೆಲ್ಲ ಕೊಳವೆಯಿಂದ ಕೊಳವೆಗೆ, ಹಕ್ಕಿಯ ಕೊಕ್ಕಿಗೆ ಎಟುಕದಂತೆ ಹರಿಯತೊಡಗಿತು.

ಆಳ ಮತ್ತು ಅಂಚು

ಮೀಯುವ ತಾಣದ ಮೊದಲ ಲಕ್ಷಣ ಆಳದ ಮಿತಿ. ಅಂಚಿನಲ್ಲಿ ಒಂದು ಸೆಂಟಿಮೀಟರಿನಿಂದ ಮೊದಲಾಗಿ ನಡುವೆ ಐದು ಸೆಂಟಿಮೀಟರು ಮೀರದ, ನಿಧಾನವಾಗಿ ಇಳಿಜಾರಾಗುವ ತಟ್ಟೆ ಹಿತ್ತಲಿನ ಬಹುತೇಕ ಹಕ್ಕಿಗಳಿಗೆ ಒಗ್ಗುತ್ತದೆ. ಸರಾಸರಿ ಎರಡು ಬೆರಳಗಲದ ಆಳವೆಂದರೆ ಸರಿಯಾದೀತು. ಅಂಚಿನ ತೆಳುನೀರಿನಲ್ಲಿ ಬೆಳ್ಗಣ್ಣ, ರಾಟವಾಳಗಳು ನಿಂತರೆ, ನಡುವಿನ ಆಳದಲ್ಲಿ ಗೊರವಂಕ ಮತ್ತು ಹರಟೆಮಲ್ಲಗಳು ಮೈತೋಯಿಸಬಲ್ಲವು.

ಎರಡನೆಯದು ಕಾಲಿಗೆ ಹಿಡಿತ. ಪಿಕಳಾರವೊಂದು ಮೀಯುವುದನ್ನು ಗಮನಿಸಿದರೆ ಇದರ ಮಹತ್ವ ತಿಳಿಯುತ್ತದೆ. ಅದು ಮೊದಲು ಮೇಲಿನ ಕೊಂಬೆಯಲ್ಲಿ ಕುಳಿತು ಸುತ್ತ ನೋಡಿ, ತಟ್ಟೆಯ ಅಂಚಿಗಿಳಿದು ಎರಡು ಗುಟುಕು ಕುಡಿದು, ಒಂದೊಂದೇ ಹೆಜ್ಜೆಯಿಟ್ಟು ಹೊಟ್ಟೆ ತಾಗುವಷ್ಟು ನೀರಿಗೆ ಬರುತ್ತದೆ. ಬಳಿಕ ಗರಿಗಳನ್ನು ಕೆದರಿಕೊಂಡು, ತಲೆ ಮತ್ತು ಎದೆಯನ್ನು ನೀರಿಗೆ ಅದ್ದಿ ಮೇಲಕ್ಕೆತ್ತುತ್ತ, ರೆಕ್ಕೆಗಳನ್ನು ಪಟಪಟನೆ ಬಡಿದು ಬೆನ್ನ ಮೇಲೆ ನೀರು ಚಿಮ್ಮಿಸಿಕೊಳ್ಳುತ್ತದೆ. ಈ ಹೊತ್ತಿನಲ್ಲಿ ಅದರ ಕಾಲು ಜಾರಿದರೆ ಸ್ನಾನ ಅಲ್ಲಿಗೇ ಮುಗಿಯಿತು. ಜಾರುವ ತಟ್ಟೆಗೆ ಅದು ಎರಡನೆಯ ಸಲ ಇಳಿಯಲು ಹಿಂಜರಿಯುತ್ತದೆ. ಮೆರುಗಿನ ಪಿಂಗಾಣಿ, ನುಣುಪಾದ ಪ್ಲಾಸ್ಟಿಕ್ ಮತ್ತು ಸ್ಟೀಲಿನ ಪಾತ್ರೆಗಳು ಇದಕ್ಕೆ ಹೊಂದುವುದಿಲ್ಲ; ಲೋಹವು ಬಿಸಿಲಿಗೆ ಕಾಯುವುದು ಇನ್ನೊಂದು ತೊಡಕು. ಕುಂಬಾರರ ಬಳಿ ಸಿಗುವ ಅಗಲವಾದ ಮಣ್ಣಿನ ತಟ್ಟೆ ಒರಟಾಗಿಯೂ ಇರುತ್ತದೆ, ಅದರ ಸೂಕ್ಷ್ಮ ರಂಧ್ರಗಳಿಂದ ಜಿನುಗುವ ನೀರು ಆವಿಯಾಗುತ್ತ ಒಳಗಿನ ನೀರನ್ನು ತಂಪಾಗಿಯೂ ಇಡುತ್ತದೆ.

ಮಿಕ್ಸಿ ಬಂದ ಮೇಲೆ ಮೂಲೆಗೆ ಸೇರಿದ ಒರಳುಕಲ್ಲನ್ನು ಹಕ್ಕಿಯ ನೀರಿಗೆ ಬಳಸುವ ರೂಢಿ ಹಲವು ಮನೆಗಳಲ್ಲಿದೆ. ಕಲ್ಲಿನ ಗುಣ ಒಳ್ಳೆಯದಾದರೂ, ಒರಳಿನ ಗುಳಿ ಕಿರಿದಾಗಿ, ಆಳವಾಗಿ, ವರ್ಷಗಟ್ಟಲೆ ರುಬ್ಬಿ ನುಣುಪಾಗಿರುವುದರಿಂದ, ಅದಕ್ಕೆ ಬಿದ್ದ ಮರಿಹಕ್ಕಿಗೆ ಮೇಲೇರಲು ದಾರಿಯಿರುವುದಿಲ್ಲ. ಗುಳಿಯ ಮುಕ್ಕಾಲು ಪಾಲನ್ನು ಹೊಳೆಗಲ್ಲುಗಳಿಂದ ತುಂಬಿ, ಮೇಲಿನ ಎರಡು ಬೆರಳಷ್ಟು ಜಾಗದಲ್ಲಿ ಮಾತ್ರ ನೀರು ನಿಲ್ಲುವಂತೆ ಮಾಡಿದರೆ ಆ ದೋಷ ನೀಗುತ್ತದೆ.

ಹನಿಯ ಸದ್ದು, ಎಲೆಯ ತೇವ

ನಿಂತ ನೀರು ಹಕ್ಕಿಯ ಕಣ್ಣಿಗೆ ಬಿದ್ದರಷ್ಟೇ ಉಪಯೋಗ. ತೊಟ್ಟಿಕ್ಕುವ ನೀರಾದರೆ ಅದರ ಸದ್ದು ಮತ್ತು ಅಲೆಗಳ ಮಿನುಗು ಎಲೆಮರೆಯ ಹಕ್ಕಿಗೂ ಸುದ್ದಿ ಮುಟ್ಟಿಸುತ್ತವೆ. ಇದಕ್ಕೆ ವಿದ್ಯುತ್ ಪಂಪು ಬೇಕಿಲ್ಲ. ಶಿವಲಿಂಗದ ಮೇಲೆ ತೂಗುವ ಧಾರಾಪಾತ್ರೆಯ ಹಾಗೆ, ತಳದಲ್ಲಿ ಸಣ್ಣ ರಂಧ್ರ ಕೊರೆದು ಹತ್ತಿಯ ಬತ್ತಿ ತೂರಿಸಿದ ಮಡಕೆಯೊಂದನ್ನು ತಟ್ಟೆಯ ಮೇಲಿನ ಕೊಂಬೆಗೆ ಕಟ್ಟಿದರೆ ಸಾಕು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂಬ ಲೆಕ್ಕದಲ್ಲಿ, ಸೆಕೆಂಡಿಗೊಂದು ಹನಿ ಬಿದ್ದರೂ ಹನ್ನೆರಡು ಗಂಟೆಗಳಲ್ಲಿ ಖರ್ಚಾಗುವುದು ಎರಡು ಲೀಟರಿಗಿಂತ ತುಸು ಹೆಚ್ಚು.

ತಟ್ಟೆಗಿಳಿಯದ ಹಕ್ಕಿಗಳೂ ಇವೆ. ಸೂರಕ್ಕಿ, ಟುವ್ವಿಹಕ್ಕಿಗಳಂಥ ಪುಟ್ಟ ಜೀವಿಗಳು ಮಳೆಯಲ್ಲೋ ಇಬ್ಬನಿಯಲ್ಲೋ ನೆನೆದ ಎಲೆಗಳ ಮೇಲೆ ಮೈಯುಜ್ಜಿಕೊಂಡೇ ಮೀಯುವುದುಂಟು. ಬೆಳಗಿನ ಹೊತ್ತು ದಾಸವಾಳ, ಬಾಳೆ ಮುಂತಾದ ಅಗಲ ಎಲೆಯ ಗಿಡಗಳಿಗೆ ನೀರನ್ನು ಸಣ್ಣದಾಗಿ ಸಿಂಪಡಿಸಿದರೆ ಅವುಗಳ ಅಗತ್ಯ ಪೂರೈಸುತ್ತದೆ. ಕಾಜಾಣವು ಹಾರುತ್ತಲೇ ನೀರಿಗೆ ಎದೆ ತಾಗಿಸಿ ಮೇಲೇಳುವುದರಿಂದ ಅದಕ್ಕೆ ತಟ್ಟೆ ಸಾಲದು, ಅಗಲವಾದ ಕೊಳವೇ ಬೇಕು. ಗುಬ್ಬಚ್ಚಿಗೆ ನೀರಿನ ಜೊತೆಗೆ ಒಣ ದೂಳಿನ ಸ್ನಾನವೂ ಇಷ್ಟವಾದ್ದರಿಂದ, ಅಂಗಳದ ಒಂದು ಮೂಲೆಯನ್ನಾದರೂ ಕಾಂಕ್ರೀಟು ಮುಚ್ಚದ ಹುಡಿಮಣ್ಣಾಗಿ ಉಳಿಸಬೇಕು. ನೀರು ಚೆಲ್ಲಿ ಸದಾ ಕೆಸರಾಗಿರುವ ಮೊಳದಗಲದ ಜಾಗವಿದ್ದರೆ ಮಣ್ಣಿನ ಗೂಡು ಕಟ್ಟುವ ಕವಲುತೋಕೆಗಳು ಕೆಸರನ್ನು ಉಂಡೆಮಾಡಿ ಒಯ್ಯುತ್ತವೆ, ಚಿಟ್ಟೆಗಳು ಅಲ್ಲಿ ಲವಣ ಹೀರಲು ಕೂರುತ್ತವೆ.

ಕೊಳ ಕಟ್ಟುವವರಿಗೆ

ಜಾಗವೂ ಹಣವೂ ಇರುವವರು ಕೊಳ ಕಟ್ಟಿಸುವುದಾದರೆ, ನೇರ ಗೋಡೆಯ ತೊಟ್ಟಿಯ ಬದಲು ಕನಿಷ್ಠ ಒಂದು ಬದಿಯಾದರೂ ದಡದಂತೆ ಇಳಿಜಾರಾಗಿರುವ ವಿನ್ಯಾಸವನ್ನು ಆರಿಸಿಕೊಳ್ಳಬೇಕು. ಈಗಾಗಲೇ ನೇರ ಗೋಡೆಯ ಕೊಳವಿದ್ದರೆ, ನೀರಿನ ಮಟ್ಟಕ್ಕೆ ಸ್ವಲ್ಪವೇ ಮುಳುಗುವಂತೆ ಚಪ್ಪಡಿಗಲ್ಲುಗಳನ್ನು ಜೋಡಿಸಿ, ನೀರಿನಿಂದ ಮೇಲಕ್ಕೆ ಓರೆಯಾಗಿ ಒರಟು ದಿಮ್ಮಿಯೊಂದನ್ನು ಇರಿಸಿದರೆ, ಮೀಯುವ ಹಕ್ಕಿಗೂ ಆಯತಪ್ಪಿ ಬಿದ್ದ ಅಳಿಲು, ಓತಿಕ್ಯಾತಗಳಿಗೂ ಅದು ಆಸರೆಯಾಗುತ್ತದೆ. ಎತ್ತರಕ್ಕೆ ಚಿಮ್ಮುವ ಕಾರಂಜಿಯ ರಭಸ ಸಣ್ಣ ಹಕ್ಕಿಗಳನ್ನು ಹೆದರಿಸುತ್ತದೆ. ಅದೇ ಪಂಪಿನ ನೀರನ್ನು ಒರಟು ಕಲ್ಲುಗಳ ಮೇಲೆ ತೆಳ್ಳಗೆ ಹರಿಯಬಿಟ್ಟರೆ, ಚಳಿಗಾಲದ ವಲಸೆಗಾರನಾದ ಬೂದು ಕುಂಡೆಕುಸ್ಕವೂ ಬಾಲ ಕುಣಿಸುತ್ತ ಬಂದು ಇಳಿಯಬಹುದು.

ನೀರಿನಲ್ಲಿ ನೈದಿಲೆ, ಅಂಚಿನ ಜೌಗಿನಲ್ಲಿ ಬಜೆ ಮತ್ತು ಒಂದೆಲಗ ಬೆಳೆಸುವುದು ಸೂಕ್ತ. ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಕೆರೆಗಳನ್ನೇ ಮುಚ್ಚಿಬಿಟ್ಟಿರುವ ನೇರಳೆ ಹೂವಿನ ವಾಟರ್ ಹಯಾಸಿಂತನ್ನು ಎಷ್ಟೇ ಅಂದವಾಗಿದ್ದರೂ ತರಬಾರದು. ಸೊಳ್ಳೆಮರಿ ತಿನ್ನಲೆಂದು ಬಿಡುವ ಗಪ್ಪಿ ಮೀನೂ ಅದೇ ಖಂಡದ್ದಾದುದರಿಂದ, ಮನೆಯ ಕೊಳದಿಂದ ಹೊರಗಿನ ಹಳ್ಳಕೊಳ್ಳಗಳಿಗೆ ಅದು ಸೇರದಂತೆ ಎಚ್ಚರ ಬೇಕು. ಅಲಂಕಾರದ ಮೀನು ಸಾಕಿದವರು ಕೊಳಬಕ ಮತ್ತು ಮಿಂಚುಳ್ಳಿಗಳನ್ನು ದೂರಬಾರದು. ಹಕ್ಕಿಗಳನ್ನು ಕರೆದ ಮೇಲೆ ಮೀನು ಹಿಡಿಯುವ ಹಕ್ಕಿಯೂ ಬಂದೇ ಬರುತ್ತದೆ.

ಬೆಕ್ಕು, ಸೊಳ್ಳೆ ಮತ್ತು ರೋಗ

ನೆನೆದ ಹಕ್ಕಿ ಚುರುಕಾಗಿ ಹಾರಲಾರದು, ಬೆಕ್ಕಿಗೆ ಅದು ಗೊತ್ತು. ತಟ್ಟೆಯನ್ನು ದಟ್ಟ ಪೊದೆಗೆ ತಾಗಿಸಿ ಇಟ್ಟರೆ ಬೆಕ್ಕು ಹೊಂಚುಹಾಕಲು ಮರೆ ಸಿಗುತ್ತದೆ, ತೀರ ಬಯಲಿನಲ್ಲಿ ಇಟ್ಟರೆ ಬಿಜ್ಜುವಿನಂಥ ಬೇಟೆಹಕ್ಕಿ ಎರಗಿದಾಗ ಅಡಗಲು ಆಸರೆಯಿರುವುದಿಲ್ಲ. ಪೊದೆಯಿಂದ ಎರಡು ಮೂರು ಮೀಟರು ದೂರದಲ್ಲಿ, ಮೇಲೆ ಒಂದು ಕೊಂಬೆ ಚಾಚಿರುವಲ್ಲಿ, ಬೆಳಗಿನ ಬಿಸಿಲೂ ಮಧ್ಯಾಹ್ನದ ನೆರಳೂ ಬೀಳುವಂತೆ ಇರಿಸುವುದು ಎರಡಕ್ಕೂ ಪರಿಹಾರ. ಮರದ ಪ್ರತಿಬಿಂಬ ಮೂಡುವ ದೊಡ್ಡ ಗಾಜಿನ ಕಿಟಕಿಯ ಎದುರು ಇಟ್ಟರೆ, ಬೆದರಿ ಹಾರಿದ ಹಕ್ಕಿ ಗಾಜಿಗೆ ಬಡಿದು ಸಾಯುವ ಸಂಭವವಿದೆ.

ಸೊಳ್ಳೆಯ ಆತಂಕ ಸಕಾರಣವಾದುದು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೂ ದಂಡ ವಿಧಿಸುವ ನಿಯಮ ತಂದಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ತಿಳಿನೀರನ್ನೇ ಆರಿಸಿಕೊಂಡು, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಪಾತ್ರೆಯ ಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಉಳಿದು, ನೀರು ತಾಗಿದೊಡನೆ ಒಡೆಯಬಲ್ಲವು. ಬೆಚ್ಚನೆಯ ದಿನಗಳಲ್ಲಿ ಮರಿಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಆದ್ದರಿಂದ ನೀರು ಚೆಲ್ಲಿ ಹೊಸ ನೀರು ತುಂಬುವುದಷ್ಟೇ ಸಾಲದು, ತಟ್ಟೆಯ ಒಳಮೈಯನ್ನು ತೆಂಗಿನ ನಾರಿನಿಂದ ಉಜ್ಜಬೇಕು. ದಿನವೂ ನೀರು ಬದಲಿಸಿ, ಎರಡು ಮೂರು ದಿನಕ್ಕೊಮ್ಮೆ ಉಜ್ಜಿ ತೊಳೆಯುವ ಮನೆಯ ತಟ್ಟೆಯಲ್ಲಿ ಸೊಳ್ಳೆ ಬೆಳೆಯಲಾರದು.

ಇದೇ ಉಜ್ಜುವಿಕೆ ಹಕ್ಕಿಗಳ ಆರೋಗ್ಯಕ್ಕೂ ಅಗತ್ಯ. ಪಾರಿವಾಳಗಳ ಗಂಟಲಿನಲ್ಲಿ ಹುಣ್ಣು ತರುವ ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿ ಹಂಚಿಕೊಂಡ ನೀರಿನಿಂದಲೂ ಹರಡುತ್ತದೆ, ಹಿಕ್ಕೆಯಿಂದ ಕೆಟ್ಟ ನೀರು ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳಿಗೆ ನೆಲೆಯಾಗುತ್ತದೆ. ಎರಡು ತಟ್ಟೆಗಳನ್ನಿಟ್ಟುಕೊಂಡು, ಒಂದು ಬಳಕೆಯಲ್ಲಿರುವಾಗ ಇನ್ನೊಂದನ್ನು ಬಿಸಿಲಿಗೆ ಒಣಗಿಸುವುದು ಸುಲಭದ ಉಪಾಯ. ಫಿನಾಯಿಲ್, ಸೋಪಿನ ಪುಡಿ, ಸೊಳ್ಳೆಗೆ ಹಾಕುವ ಎಣ್ಣೆ ಇವು ಯಾವುವೂ ಹಕ್ಕಿಯ ನೀರಿಗೆ ಸೋಕಬಾರದು. ಎಣ್ಣೆ ಮೆತ್ತಿದ ಗರಿ ನೀರನ್ನೂ ಚಳಿಯನ್ನೂ ತಡೆಯಲಾರದು. ಅಕ್ಕಿ ತೊಳೆದ ನೀರು ಗಿಡಕ್ಕೆ ಒಳ್ಳೆಯದಾದರೂ ತಟ್ಟೆಯಲ್ಲಿ ಬೇಗ ಹುಳಿಯುವುದರಿಂದ ಅದನ್ನೂ ಬಳಸದಿರುವುದು ಲೇಸು.

ನೀರಿನ ಲೆಕ್ಕ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು, ಕೈತೋಟಕ್ಕೆ ಮತ್ತು ಕಾರಂಜಿಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ನಿಗದಿ ಮಾಡಿತು. ಅಂಥ ಬರಗಾಲದಲ್ಲಿ ಹಕ್ಕಿಗೆ ನೀರಿಡುವುದು ಶೋಕಿಯಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ನಲವತ್ತು ಸೆಂಟಿಮೀಟರು ಅಗಲವಾಗಿ, ನಡುವೆ ಐದು ಸೆಂಟಿಮೀಟರಿಗೆ ಇಳಿಜಾರಾಗುವ ತಟ್ಟೆಗೆ ಹಿಡಿಸುವ ನೀರು ಸುಮಾರು ಎರಡು ಲೀಟರು ಮಾತ್ರ. ಮರುದಿನ ಬದಲಿಸುವಾಗ ಉಳಿದ ನೀರನ್ನು ಗಿಡದ ಬುಡಕ್ಕೆ ಸುರಿದರೆ ಆ ಎರಡು ಲೀಟರಿನಲ್ಲಿ ಆವಿಯಾದದ್ದು ಮತ್ತು ಹಕ್ಕಿ ಕುಡಿದದ್ದು ಬಿಟ್ಟು ಬೇರೇನೂ ನಷ್ಟವಾಗದು. ಮಳೆನೀರು ಸಂಗ್ರಹಿಸಿದ ಮನೆಗಳಲ್ಲಿ ನಲ್ಲಿಯ ನೀರೂ ಬೇಡ. ಬರಗಾಲದಲ್ಲಿ ನಿಲ್ಲಿಸಬೇಕಾದದ್ದು ಕಾರಂಜಿಯನ್ನೇ ಹೊರತು ಹಕ್ಕಿಯ ತಟ್ಟೆಯನ್ನಲ್ಲ. ಕೆರೆಕುಂಟೆಗಳು ಒಣಗಿದ ಆ ದಿನಗಳಲ್ಲಿಯೇ ಅದರ ಅಗತ್ಯ ಹೆಚ್ಚು.

ದಾರಿಹೋಕರಿಗಾಗಿ ಬೇಸಿಗೆಯಲ್ಲಿ ಅರವಟ್ಟಿಗೆ ಇಡುವ ಸಂಪ್ರದಾಯ ಈ ನಾಡಿನಲ್ಲಿ ಹಳೆಯದು, ಮತ್ತು ಅರವಟ್ಟಿಗೆ ತೆರೆದವರು ಮಳೆ ಬರುವ ಮುನ್ನ ಅದನ್ನು ಮುಚ್ಚುವುದಿಲ್ಲ. ಹಕ್ಕಿಯ ನೀರಿಗೂ ಅದೇ ನಿಯಮ ಸಲ್ಲುತ್ತದೆ. ಒಂದೆಡೆ ನೀರು ತಪ್ಪದೆ ಸಿಗುತ್ತದೆಂದು ಅರಿತ ಹಕ್ಕಿಗಳು ಅಲ್ಲಿಗೇ ಬರುವುದನ್ನು ರೂಢಿಮಾಡಿಕೊಳ್ಳುತ್ತವೆ. ಏಪ್ರಿಲಿನ ನಡುವೆ ತಟ್ಟೆ ಬರಿದಾದರೆ ಅವು ಬಿಸಿಲಿನಲ್ಲಿ ಬೇರೆ ನೆಲೆ ಹುಡುಕಬೇಕಾಗುತ್ತದೆ. ಆದ್ದರಿಂದ ಫೆಬ್ರವರಿಯಲ್ಲಿಯೇ ತಟ್ಟೆಯನ್ನು ಇರಿಸಿ, ಮೊದಲ ವಾರಗಳಲ್ಲಿ ಒಂದು ಹಕ್ಕಿಯೂ ಬಾರದಿದ್ದರೂ ಬೇಸರಿಸದೆ ದಿನವೂ ನೀರು ಬದಲಿಸಿ. ಬೇಸಿಗೆ ರಜೆಗೆಂದು ಊರಿಗೆ ಹೊರಡುವಾಗ ಬಾಗಿಲ ಬೀಗದ ಕೈಯ ಜೊತೆಗೆ ತಟ್ಟೆಯ ಹೊಣೆಯನ್ನೂ ನೆರೆಮನೆಯವರಿಗೆ ಒಪ್ಪಿಸಿ, ಮುಂಗಾರು ಹಿಡಿಯುವವರೆಗೆ ಅದು ಒಣಗದಂತೆ ನೋಡಿಕೊಳ್ಳಿ.